ಒರೆಗಾನ್‌ಗೆ ಮೊದಲ ಸಲ ಬರುವವರಿಗೆ ಯಾವುದು ಅಚ್ಚರಿ ಎನಿಸುತ್ತದೆ?

ಜುಲೈನಲ್ಲಿ ಮಗಳ ಮನೆಗೆಂದು ಅಮೆರಿಕದ ಒರೆಗಾನ್ ರಾಜ್ಯಕ್ಕೆ ಹೊರಟಿದ್ದೀರಿ, ಮೊದಲ ಸಲ ಬರುವವರಿಗೆ ಅಲ್ಲಿ ಅಚ್ಚರಿ ಎನಿಸುವುದು ಏನು ಎಂದು ಕೇಳಿದ್ದೀರಿ. ನಾನು ಹದಿಮೂರು ವರ್ಷಗಳಿಂದ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊದಲ್ಲಿದ್ದೇನೆ. ಹುಟ್ಟಿ ಬೆಳೆದದ್ದು ಹೊನ್ನಾವರದಲ್ಲಿ. ಹಾಗಾಗಿ ನನ್ನ ಉತ್ತರ ಕಡಲಿನಿಂದಲೇ ಶುರುವಾಗುತ್ತದೆ.

ಜುಲೈ ಎಂದರೆ ಇಲ್ಲಿ ಬೇಸಿಗೆ. ಮಗಳ ಮನೆಯಲ್ಲಿ ಮೂವತ್ತೆರಡು ಡಿಗ್ರಿ ಸೆಖೆ ಇರುತ್ತದೆ. ಕಾರು ಹತ್ತಿ ಬೆಟ್ಟ ದಾಟಿ ಒಂದೂಕಾಲು ಗಂಟೆಯಲ್ಲಿ ಕ್ಯಾನನ್ ಬೀಚ್ ತಲುಪಿದರೆ ಅಲ್ಲಿ ಮಂಜು ಮುಸುಕಿರುತ್ತದೆ, ಹದಿನಾರು ಡಿಗ್ರಿ, ಕಿವಿಗೆ ಹೊಡೆಯುವ ಗಾಳಿ. ತೆಳು ಅಂಗಿಯಲ್ಲಿ ಬಂದವರೆಲ್ಲ ಮೊದಲು ಸ್ವೆಟರ್ ಅಂಗಡಿ ಹುಡುಕುತ್ತಾರೆ. ನೀವು ಊರಿನಿಂದಲೇ ಸ್ವೆಟರ್ ತನ್ನಿ, ಕಿವಿ ಮುಚ್ಚುವ ಟೋಪಿಯನ್ನೂ ಇಟ್ಟುಕೊಳ್ಳಿ.

ನೀರು ಇನ್ನೂ ತಣ್ಣಗೆ. ನಡು ಬೇಸಿಗೆಯಲ್ಲೂ ಹತ್ತರಿಂದ ಹದಿಮೂರು ಡಿಗ್ರಿ ಅಷ್ಟೇ. ಬೇಸಿಗೆಯಲ್ಲಿ ಬಡಗಣ ಗಾಳಿ ದಡದ ಉದ್ದಕ್ಕೂ ಬೀಸುತ್ತ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಹಾಗೆ ಎದ್ದ ನೀರಿನಲ್ಲಿ ಮೀನಿಗೆ ಬೇಕಾದ ಆಹಾರ ಹುಲುಸಾಗಿರುತ್ತದೆ. ನಮ್ಮ ಪಡುವಣ ಕಡಲಿನಲ್ಲೂ ಮಳೆಗಾಲದಲ್ಲಿ ಹೀಗೆ ಆಳದ ನೀರು ಮೇಲೇಳುತ್ತದೆ. ಬಂಗಡೆ, ಬೈಗೆ (ಬೂತಾಯಿ) ಮೀನು ದಂಡಿಯಾಗಿ ಸಿಗುವುದರ ಹಿಂದೆ ಅದೂ ಇದೆ. ಒಂದೇ ಕೆಲಸವನ್ನು ಎರಡು ಕಡಲು ಮಾಡುವುದನ್ನು ತಿಳಿದ ಮೇಲೆ ನನಗೆ ಈ ತಣ್ಣನೆಯ ನೀರು ಪರಕೀಯ ಅನ್ನಿಸಲಿಲ್ಲ.

ಆದರೆ ಇಲ್ಲಿನ ಕಡಲನ್ನು ನಮ್ಮ ಕಡಲೆಂದು ಸಲಿಗೆಯಿಂದ ನೋಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಪ್ಪ, ಅಮ್ಮ ಬಂದಿದ್ದರು. ಅಪ್ಪ ಜೀವಮಾನವಿಡೀ ಸಂಜೆ ಕಡಲ ದಂಡೆಯಲ್ಲಿ ನಡೆದವರು. ಮರಳಿನ ಮೇಲೆ ಬಿದ್ದಿದ್ದ ದೊಡ್ಡ ಮರದ ದಿಮ್ಮಿಯೊಂದನ್ನು ನೋಡಿ, ಪ್ಯಾಂಟ್ ಮಡಚಿ, ಅಲೆಗೆ ಬೆನ್ನು ಹಾಕಿ ಅದರ ಮೇಲೆ ಕುಳಿತರು. ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನಿಂತು, ದಯವಿಟ್ಟು ಅವರನ್ನು ಎಬ್ಬಿಸಿ ಎಂದರು. ಅಲೆ ಇನ್ನೂ ಮೂವತ್ತು ಹೆಜ್ಜೆ ದೂರವಿತ್ತು. ಸಂಕೋಚಕ್ಕೆ ಎದ್ದು ಮೇಲಕ್ಕೆ ಬಂದೆವು. ಕಾಲು ಗಂಟೆಯೂ ಆಗಿರಲಿಲ್ಲ, ಎಲ್ಲ ಅಲೆಗಳ ಹಾಗೆಯೇ ಬಂದ ಒಂದು ಅಲೆ ನಿಲ್ಲಲಿಲ್ಲ. ಶಬ್ದವಿಲ್ಲದೆ ಮರಳಿನ ಮೇಲೆ ಹರಿದು ಬಂದು ದಿಮ್ಮಿಯ ಕೆಳಗೆ ಹೊಕ್ಕಿತು. ಹತ್ತು ಜನ ಸೇರಿದರೂ ಅಲುಗಾಡಿಸಲಾಗದ ಆ ಮರದ ಒಂದು ತುದಿ ಮೆಲ್ಲನೆ ಎದ್ದು, ಒಂದು ಮಾರು ತಿರುಗಿ, ಅಪ್ಪನ ಕಾಲಿದ್ದ ಜಾಗದಲ್ಲೇ ಮತ್ತೆ ಕುಳಿತುಕೊಂಡಿತು. ಅಪ್ಪ ಅದನ್ನು ಬಹಳ ಹೊತ್ತು ನೋಡುತ್ತ ನಿಂತರು.

ಪಾದ ಮುಳುಗುವಷ್ಟು ನೀರಿಗೂ ಇಲ್ಲಿನ ದಿಮ್ಮಿಗಳು ಉರುಳುತ್ತವೆ. ಇಂಥ ಕಳ್ಳ ಅಲೆಗಳ ಬಗ್ಗೆ ದಡದುದ್ದಕ್ಕೂ ಫಲಕಗಳಿವೆ. ಅಲೆಗೆ ಬೆನ್ನು ಹಾಕಬೇಡಿ, ದಿಮ್ಮಿ ಹತ್ತಬೇಡಿ, ಮೊಮ್ಮಕ್ಕಳಿದ್ದರೆ ಕೈ ಬಿಡಬೇಡಿ. ಸುನಾಮಿ ಬಂದರೆ ಎತ್ತ ಓಡಬೇಕೆಂದು ತೋರಿಸುವ ನೀಲಿ ಫಲಕಗಳನ್ನೂ ನೋಡುತ್ತೀರಿ. ಅವು ಬರೀ ಶಾಸ್ತ್ರಕ್ಕೆ ಇಟ್ಟವಲ್ಲ. 1700ರ ಜನವರಿ 26ರ ರಾತ್ರಿ ಇದೇ ಕಡಲಿನಡಿ ಭಾರಿ ಭೂಕಂಪವಾಯಿತು. ಅದರ ಸುನಾಮಿ ಜಪಾನಿನವರೆಗೆ ಹೋಯಿತು. ಅಲ್ಲಿನವರು ಅದನ್ನು ಬರೆದಿಟ್ಟಿದ್ದರಿಂದಲೇ ಇಂದು ದಿನಾಂಕ ಇಷ್ಟು ಖಚಿತವಾಗಿ ಗೊತ್ತಾಗಿದೆ.

ಇನ್ನೊಂದು ಅಚ್ಚರಿ ಕಣ್ಣಿಗೆ ತಕ್ಷಣ ಬೀಳುವುದಿಲ್ಲ. ಸುಮಾರು 580 ಕಿಲೋಮೀಟರ್ ಉದ್ದದ ಈ ಕರಾವಳಿಯಲ್ಲಿ ಬೇಲಿ ಹಾಕಿದ ಖಾಸಗಿ ಬೀಚ್ ನಿಮಗೆ ಸಿಗುವುದಿಲ್ಲ. ಎಷ್ಟೇ ದುಬಾರಿ ಹೋಟೆಲ್ ಇರಲಿ, ಅದರ ಮುಂದಿನ ಮರಳಿನ ಮೇಲೆ ನೀವು ಚಾಪೆ ಹಾಸಿ ಅವಲಕ್ಕಿ ತಿನ್ನಬಹುದು. 1913ರಲ್ಲಿ ಆಸ್ವಾಲ್ಡ್ ವೆಸ್ಟ್ ಗವರ್ನರ್ ಆಗಿದ್ದಾಗ ಒದ್ದೆ ಮರಳನ್ನು ಸಾರ್ವಜನಿಕ ಹೆದ್ದಾರಿ ಎಂದು ಕಾನೂನು ಮಾಡಿದರು. ಆಗ ಜನ ನಿಜಕ್ಕೂ ಅದರ ಮೇಲೆಯೇ ಓಡಾಡುತ್ತಿದ್ದರು. ಒಣ ಮರಳಿನ ಮಾತು ಮಾತ್ರ ಉಳಿದುಹೋಗಿತ್ತು. 1966ರಲ್ಲಿ ಕ್ಯಾನನ್ ಬೀಚ್‌ನ ಮೋಟೆಲ್ ಒಂದರ ಮಾಲೀಕರು ತಮ್ಮ ಅತಿಥಿಗಳಿಗಷ್ಟೇ ಎಂದು ಒಣ ಮರಳಿಗೆ ಅಡ್ಡ ಕಟ್ಟಿದಾಗ ಜನ ಸಿಟ್ಟಿಗೆದ್ದರು. ಗವರ್ನರ್ ಟಾಮ್ ಮೆಕಾಲ್ ಹೆಲಿಕಾಪ್ಟರ್‌ನಲ್ಲಿ ಬಂದು ಮರಳಿನ ಮೇಲೆ ಇಳಿದು ಅಳತೆ ಮಾಡಿಸಿದರು. 1967ರ ಜುಲೈನಲ್ಲಿ, ಗಿಡ ಹುಟ್ಟುವ ಗೆರೆಯವರೆಗಿನ ಮರಳಿನ ಮೇಲೆ ಓಡಾಡುವ ಹಕ್ಕು ಎಲ್ಲರದ್ದು ಎಂಬ ಮಸೂದೆಗೆ ಸಹಿ ಬಿತ್ತು. ಕಡಲ ದಂಡೆಯ ಊರಿನಿಂದ ಬಂದ ನನಗೆ ಒರೆಗಾನ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಸಂಗತಿ ಇದೇ.

ಮಳೆಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಪೋರ್ಟ್‌ಲ್ಯಾಂಡ್‌ನಲ್ಲಿ ವರ್ಷಕ್ಕೆ ಬೀಳುವುದು 900 ಮಿಲಿಮೀಟರ್ ಆಸುಪಾಸು, ಬೆಂಗಳೂರಿಗಿಂತ ಹೆಚ್ಚೇನೂ ಅಲ್ಲ. ಆದರೆ ಅದು ನವೆಂಬರ್‌ನಿಂದ ತಿಂಗಳುಗಟ್ಟಲೆ ಜಿನುಗುತ್ತಲೇ ಇರುತ್ತದೆ. ಜುಲೈನಲ್ಲಿ ಹೊನ್ನಾವರದಲ್ಲಿ ಸೂರು ಸೋರುವಾಗ ಇಲ್ಲಿ ಹುಲ್ಲು ಒಣಗಿ ಹಳದಿಯಾಗಿರುತ್ತದೆ. ಕೊಡೆ ಹಿಡಿದ ಸ್ಥಳೀಯರು ಅಪರೂಪ. ತಲೆಗೆ ಮುಸುಕಿರುವ ಮಳೆ ಜಾಕೆಟ್ ಹಾಕಿಕೊಂಡು ಕೈ ಬೀಸಿ ನಡೆಯುತ್ತಾರೆ. ಗದ್ದೆ ನಟ್ಟಿಗೆ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದ ನಮ್ಮ ಹಿರಿಯರನ್ನು ನೆನಪಿಸಿಕೊಳ್ಳಿ, ಅದೇ ಲೆಕ್ಕ.

ರಾಜ್ಯದ ನೆಲವೂ ನಮಗೆ ಬೇಗ ಅರ್ಥವಾಗುತ್ತದೆ. ಪಡುವಣಕ್ಕೆ ಕಡಲು, ಅದಕ್ಕೆ ಹೊಂದಿಕೊಂಡು ಬೆಟ್ಟಸಾಲು, ಕಣಿವೆ, ಆಮೇಲೆ ಕ್ಯಾಸ್ಕೇಡ್ ಪರ್ವತಗಳು. ಮಳೆಯ ಮೋಡ ಇವುಗಳ ಮೇಲೆಯೇ ಬರಿದಾಗಿ, ಆಚೆಗೆ ಬಯಲುಸೀಮೆ ಶುರುವಾಗುತ್ತದೆ. ಮೂಡಣದ ಬೆಂಡ್ ಊರಿಗೆ ವರ್ಷಕ್ಕೆ ಸಿಗುವ ಮಳೆ ಸುಮಾರು 300 ಮಿಲಿಮೀಟರ್ ಮಾತ್ರ. ಹಸಿರು ಕಾಡಿನ ರಾಜ್ಯ ಎಂದುಕೊಂಡು ಬಂದವರು ಕುರುಚಲು ಗುಡ್ಡ, ಕಪ್ಪು ಲಾವಾ ಕಲ್ಲು ನೋಡಿ ದಂಗಾಗುತ್ತಾರೆ. 1981ರಿಂದ 1985ರವರೆಗೆ ಓಶೋ ರಜನೀಶರ ಅನುಯಾಯಿಗಳ ಊರಾದ ರಜನೀಶಪುರ ಇದ್ದದ್ದು ಆ ಒಣ ಗುಡ್ಡಗಳ ನಡುವೆ. ಕರ್ನಾಟಕಕ್ಕಿಂತ ದೊಡ್ಡದಾದ ಈ ರಾಜ್ಯದ ಜನಸಂಖ್ಯೆ ಸುಮಾರು 42 ಲಕ್ಷ, ಅವರಲ್ಲಿ ಹೆಚ್ಚಿನವರು ನಡುವಿನ ಕಣಿವೆಯಲ್ಲೇ ಇದ್ದಾರೆ. ಮೂಡಣದಲ್ಲಿ ಗಂಟೆಗಟ್ಟಲೆ ಕಾರು ಓಡಿಸಿದರೂ ಒಂದು ಪೆಟ್ರೋಲ್ ಬಂಕ್ ಸಿಗದೆ ಹೋಗಬಹುದು, ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.

ಬಂಕ್ ಎಂದಾಗ ನೆನಪಾಯಿತು. 1951ರಿಂದ 2023ರವರೆಗೆ ರಾಜ್ಯದ ಹೆಚ್ಚಿನ ಕಡೆ ನಮ್ಮ ಕಾರಿಗೆ ನಾವೇ ಪೆಟ್ರೋಲ್ ಹಾಕಿಕೊಳ್ಳುವುದಕ್ಕೆ ನಿಷೇಧವಿತ್ತು. ಬೇರೆ ರಾಜ್ಯಗಳ ಅಮೆರಿಕನ್ನರಿಗೆ ಇದು ದೊಡ್ಡ ಸೋಜಿಗ, ನಮಗೆ ಮಾಮೂಲಿ. ಈಗ ಎರಡೂ ಬಗೆ ಇದೆ. ಮಾರಾಟ ತೆರಿಗೆ ಇಲ್ಲದ್ದರಿಂದ ಅಂಗಡಿಯ ಚೀಟಿಯಲ್ಲಿ ಬರೆದ ಬೆಲೆಯೇ ಕೊಡುವ ಬೆಲೆ.

ಸಮಯ ಸಿಕ್ಕರೆ ಅಸ್ಟೋರಿಯಾಕ್ಕೆ ಒಂದು ದಿನ ಮೀಸಲಿಡಿ. ಕೊಲಂಬಿಯಾ ನದಿ ಕಡಲು ಸೇರುವ ಊರು ಅದು. ನದಿಯ ನೀರು, ಕಡಲಿನ ಅಲೆ, ಮರಳ ದಿಬ್ಬ ಮೂರೂ ಅಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಹಡಗುಗಳನ್ನು ದಾಟಿಸಲಿಕ್ಕೆಂದೇ ಪರಿಣತ ಪೈಲಟ್‌ಗಳಿದ್ದಾರೆ. ಶರಾವತಿಯ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಕೇಳುತ್ತ ಬೆಳೆದ ನನಗೆ ಆ ಭಯ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಇನ್ನೊಂದು. ಅಲ್ಲಿನ ಮರದ ಮಿಲ್‌ನಲ್ಲಿ ದುಡಿಯುತ್ತಿದ್ದ ಪಂಜಾಬಿ ಕಾರ್ಮಿಕರು ಭಾರತದಿಂದ ಬ್ರಿಟಿಷರನ್ನು ಓಡಿಸಲೆಂದು 1913ರಲ್ಲಿ ಸೇರಿ ಕಟ್ಟಿದ್ದು ಗದರ್ ಪಕ್ಷ. ಸೋಹನ್ ಸಿಂಗ್ ಭಕ್ನಾ ಅಧ್ಯಕ್ಷರಾದರು, ಲಾಲಾ ಹರದಯಾಳ್ ಜೊತೆಗಿದ್ದರು. ಶಾಲೆಯ ಪಾಠದಲ್ಲಿ ಒಂದು ಸಾಲಿನಲ್ಲಿ ಓದಿ ಮರೆತಿದ್ದ ಹೆಸರು ಈ ಮಂಜಿನ ಊರಿನಲ್ಲಿ ಎದುರಾದಾಗ ಗಂಟಲು ಕಟ್ಟಿತು. ನೂರು ವರ್ಷ ತುಂಬಿದಾಗ ಊರಿನವರು ಸ್ಮಾರಕ ಫಲಕ ಇಟ್ಟಿದ್ದಾರೆ. ಅಸ್ಟೋರಿಯಾಕ್ಕೆ ಹೋದವರು ಸೇತುವೆ ನೋಡಿ ವಾಪಸಾಗುತ್ತಾರೆ. ನೀವು ಫಲಕ ಎಲ್ಲಿದೆ ಎಂದು ಕೇಳಿ ಹೋಗಿ.

ಕ್ಯಾನನ್ ಬೀಚ್‌ಗೆ ಹೋಗುವ ದಿನವನ್ನು ಉಬ್ಬರವಿಳಿತದ ವೇಳಾಪಟ್ಟಿ ನೋಡಿ ಗೊತ್ತು ಮಾಡಿ. ಇಳಿತದ ಹೊತ್ತಿಗೆ 72 ಮೀಟರ್ ಎತ್ತರದ ಹೇಸ್ಟ್ಯಾಕ್ ಬಂಡೆಯ ಬುಡದವರೆಗೂ ನಡೆಯಬಹುದು. ಹೊಂಡಗಳಲ್ಲಿ ಕಿತ್ತಳೆ, ನೇರಳೆ ಬಣ್ಣದ ನಕ್ಷತ್ರ ಮೀನುಗಳು ಕಲ್ಲನ್ನು ಅಪ್ಪಿಕೊಂಡಿರುತ್ತವೆ. ಮುಟ್ಟದೆ ನೋಡಿ. ಮೇಲೆ ಪಫಿನ್ ಹಕ್ಕಿಗಳು ಗೂಡು ಮಾಡಿರುವ ಕಾಲ ಅದು, ದುರ್ಬೀನು ಇದ್ದರೆ ತನ್ನಿ. ನಮ್ಮ ಊರಿನ ಹಾಗೆಯೇ ಇಲ್ಲೂ ಸೂರ್ಯ ಕಡಲಿನಲ್ಲೇ ಮುಳುಗುತ್ತಾನೆ, ಆದರೆ ಜುಲೈನಲ್ಲಿ ರಾತ್ರಿ ಒಂಬತ್ತರ ಆಸುಪಾಸಿಗೆ. ಊಟ ಕಟ್ಟಿಕೊಂಡೇ ಹೋಗಿ.