ಗುಟ್ಟಲ್ಲದ ವಿಳಾಸಕ್ಕೆ ಕಾನೂನು ಯಾಕೆ?

ಓದುಗರ ಪತ್ರ: ನನ್ನ ವಿಳಾಸ ಅಂಚೆಯವರಿಗೆ ಗೊತ್ತು, ಅಕ್ಕಪಕ್ಕದವರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಇಂಟರ್‌ನೆಟ್‌ನಲ್ಲಿ ಹಾಕಿದರೆ ಜೈಲೇ? ನಾಳೆ ಇದೇ ಕಾನೂನನ್ನು ಅಧಿಕಾರಿಗಳ ತಪ್ಪು ಬಯಲಿಗೆಳೆಯುವವರ ಮೇಲೆ ಹಾಕುವುದಿಲ್ಲ ಅಂತ ಏನು ಗ್ಯಾರಂಟಿ?

ಸಂಪಾದಕರ ಉತ್ತರ: ನಿಮ್ಮ ಎರಡನೇ ಪ್ರಶ್ನೆ ಸರಿಯಾಗಿದೆ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ.

ಅಂಚೆಯವರಿಗೆ ವಿಳಾಸ ಬೇಕಾಗುವುದು ಕಾಗದ ತಲುಪಿಸಲು. ಒಬ್ಬ ಹೆಣ್ಣುಮಗಳ ಮೇಲೆ ಸಾವಿರಾರು ಜನ ಸಿಟ್ಟಾಗಿರುವಾಗ ಅದೇ ವಿಳಾಸ, ಫೋನ್ ನಂಬರ್, ಮಗುವಿನ ಶಾಲೆ ಎಲ್ಲಾ ಬರೆದು, 'ಹೋಗಿ ವಿಚಾರಿಸಿಕೊಳ್ಳಿ' ಅಂದರೆ? ಅದು ಯಾತಕ್ಕೆ ಅಂತ ಬರೆದವನಿಗೂ ಗೊತ್ತು, ಓದುವವರಿಗೂ ಗೊತ್ತು. ಡಾಕ್ಸಿಂಗ್ ಅನ್ನುವುದು ಇದನ್ನೇ.

ಹಾಗಾಗಿ ಕಾನೂನು ನೋಡುವುದು ಮುಖ್ಯವಾಗಿ ಉದ್ದೇಶವನ್ನು, ಸಂದರ್ಭವನ್ನು. ಅಪಾಯಕ್ಕೆ ದೂಡುವ ಹಾಗೆ ಒಬ್ಬರ ವಿವರ ಹರಡಿದರೆ ಜರ್ಮನಿಯಲ್ಲಿ 2021ರಿಂದ 2 ವರ್ಷದವರೆಗೆ ಜೈಲು. ಎಲ್ಲರಿಗೂ ಸಿಗದ ವಿವರವಾದರೆ 3 ವರ್ಷ. ಅಂದರೆ ಗುಟ್ಟಾಗಿದ್ದರೆ ಶಿಕ್ಷೆ ಜಾಸ್ತಿ, ಆದರೆ ಗುಟ್ಟಲ್ಲ ಅಂದ ಮಾತ್ರಕ್ಕೆ ಮಾಫಿ ಇಲ್ಲ. ನೆದರ್‌ಲ್ಯಾಂಡ್ಸ್ 2024ರಲ್ಲಿ, ಹೆದರಿಸಲು ಅಥವಾ ವಿಪರೀತ ಕಾಟ ಕೊಡಲು ವಿವರ ಹಂಚುವುದನ್ನು ಅಪರಾಧ ಮಾಡಿತು. ಅದೇ ವರ್ಷ ಆಸ್ಟ್ರೇಲಿಯಾ ಇನ್ನೂ ಬಿಗಿಯಾಗಿ 6 ವರ್ಷ ಇಟ್ಟಿತು. ಜನಾಂಗ, ಧರ್ಮದಂಥ ಕಾರಣಕ್ಕೆ ಗುರಿ ಮಾಡಿದ್ದರೆ 7.

ಇನ್ನು ನಿಮ್ಮ ಭಯ. ಹಾಂಗ್‌ಕಾಂಗ್‌ನಲ್ಲಿ 2019ರ ಪ್ರತಿಭಟನೆಗಳ ಕಾಲದಲ್ಲಿ ಪೊಲೀಸರ ವಿವರವೂ ಹೊರಬಿತ್ತು, ಪ್ರತಿಭಟನಾಕಾರರು, ಪತ್ರಕರ್ತರ ವಿವರವೂ ಹೊರಬಿತ್ತು. 2021ರಲ್ಲಿ ಬಂದ ಕಾನೂನು, ನಿಜವಾಗಿ ಹಾನಿಯಾದರೆ 5 ವರ್ಷ ಜೈಲು, 10 ಲಕ್ಷ ಹಾಂಗ್‌ಕಾಂಗ್ ಡಾಲರ್ ದಂಡ ಅನ್ನುತ್ತದೆ. ಮನೆಯವರಿಗೆ ಹಾನಿಯಾದರೂ ಅಷ್ಟೇ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಆದರೆ ಖಾಸಗಿತನದ ಆಯುಕ್ತರ ಕಚೇರಿಗೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನೂ, ಪೋಸ್ಟ್ ತೆಗೆಯಿರಿ ಎಂದು ನೋಟಿಸ್ ಕೊಡುವ ಅಧಿಕಾರವನ್ನೂ ಒಟ್ಟಿಗೆ ಕೊಟ್ಟರು. ಒಂದೇ ಕೈಯಲ್ಲಿ ಇಷ್ಟೆಲ್ಲಾ ಇರುವುದು ನನಗಂತೂ ಸರಿ ಕಾಣುವುದಿಲ್ಲ. ಸಾರ್ವಜನಿಕ ಹಿತಕ್ಕಾಗಿ ಮಾಡಿದ ವರದಿಗೆ ಆ ಕಾನೂನಿನಲ್ಲೇ ರಕ್ಷಣೆ ಇದೆ, ನಿಜ. ಆದರೆ ಅದನ್ನು ಹೇಳಿಕೊಳ್ಳುವುದು ಕೇಸು ಬಿದ್ದ ಮೇಲೆ, ಅಲ್ವಾ?

ಅಧಿಕಾರಿ ಸಹಿ ಹಾಕಿದ ಕಡತ ಬಯಲಾಗಲಿ, ನಾವೂ ಅಚ್ಚು ಹಾಕುತ್ತೇವೆ. ಅವರ ಮಗಳು ಎಷ್ಟು ಗಂಟೆಗೆ ಶಾಲೆಯಿಂದ ಹೊರಡುತ್ತಾಳೆ ಅನ್ನುವುದಕ್ಕೂ ಕಡತಕ್ಕೂ ಏನು ಸಂಬಂಧ? ನಿಮ್ಮ ಪತ್ರದ ಕೊನೆಯಲ್ಲಿದ್ದ ಫೋನ್ ನಂಬರನ್ನೂ ನಾವು ಇಲ್ಲಿ ಅಚ್ಚು ಹಾಕಿಲ್ಲ.