1897ರಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಪ್ರಕಟಿಸಿದ ಮಲೇರಿಯಾ ಲೇಖನದಲ್ಲಿ ನಿಜಕ್ಕೂ ಏನಿತ್ತು?

ಬರೀ ಎರಡು ಸೊಳ್ಳೆಗಳ ವಿವರ! ಸಿಕಂದರಾಬಾದ್‌ನಲ್ಲಿ ಮಲೇರಿಯಾ ರೋಗಿಯ ರಕ್ತ ಕುಡಿಸಿ, ಕೆಲವು ದಿನ ಸಾಕಿದ ಸೊಳ್ಳೆಗಳು ಅವು. ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹೊಟ್ಟೆಯ ಗೋಡೆಯಲ್ಲಿ ಗುಂಡಗಿನ ಕೋಶಗಳು ಕಂಡವು. ಒಳಗೆ ಸಣ್ಣ ಸಣ್ಣ ಕಪ್ಪು ಕಣಗಳು. ರೋಗಿಯ ರಕ್ತದಲ್ಲಿರುವ ಮಲೇರಿಯಾ ಜೀವಿಯಲ್ಲೂ ಅಂಥದೇ ಕಣಗಳಿರುತ್ತವೆ, ಆ ಜೀವಿ ಸೊಳ್ಳೆಯೊಳಗೂ ಬೆಳೆಯುತ್ತದೆ ಅನ್ನೋದಕ್ಕೆ ಅದೇ ದೊಡ್ಡ ಸುಳಿವು. ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಡಿಸೆಂಬರ್‌ನಲ್ಲಿ ಅಚ್ಚು ಹಾಕಿತು.

ಆದರೆ ಸೊಳ್ಳೆ ಕಚ್ಚಿದರೆ ರೋಗ ಬರುತ್ತದೆ ಅಂತ ಆ ಲೇಖನ ಸಾಬೀತು ಮಾಡಲಿಲ್ಲ. ಸುಮಾರು ಜನ ಇಲ್ಲೇ ತಪ್ಪು ತಿಳಿದುಕೊಂಡಿದ್ದಾರೆ. 1898ರಲ್ಲಿ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾ ಅಭ್ಯಾಸ ಮಾಡುವಾಗ, ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿ ಸೇರಿ ಕಚ್ಚಿದಾಗ ದಾಟುತ್ತದೆ ಅಂತ ರಾಸ್ ತೋರಿಸಿದರು. ಮನುಷ್ಯರ ಮಲೇರಿಯಾದಲ್ಲಿ ಇದನ್ನು ಪೂರ್ತಿ ತೋರಿಸಿದವರು ಇಟಲಿಯ ವಿಜ್ಞಾನಿ ಗ್ರಾಸ್ಸಿ ಮತ್ತು ಸಂಗಡಿಗರು. ಅವರ ಹೆಸರನ್ನೂ ಜೊತೆಗೆ ಹೇಳಲೇಬೇಕು, ಅಲ್ವಾ?