ಕೆರೆ ಪಕ್ಕದ ನಿವೇಶನಕ್ಕೆ ಹಸಿರು ಬಣ್ಣ: ವಾರ್ಡ್ ಸಮಿತಿಯಲ್ಲಿ ಹೇಳಿದರೆ ಸಾಕೇ?

ಶರಣು. ಕಲಬುರಗಿಯ ಕೆರೆ ಪಕ್ಕದ ನಿಮ್ಮ ನಿವೇಶನವನ್ನು ಕರಡು ಮಹಾಯೋಜನೆಯ (ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಹಸಿರು ಬಣ್ಣ ಹಾಕಿ ಉದ್ಯಾನವೆಂದು ತೋರಿಸಿದ್ದಾರೆ, ವಾರ್ಡ್ ಸಮಿತಿಯಲ್ಲಿ ಹೇಳಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಸಮಿತಿ ಸಲಹೆ ಕೊಡಬಹುದು, ಠರಾವು ಬರೆಯಬಹುದು. ನಕ್ಷೆಯ ಬಣ್ಣ ಬದಲಿಸುವ ಅಧಿಕಾರ ಅದಕ್ಕಿಲ್ಲ. ಚರಂಡಿ, ಬೀದಿದೀಪದ ಮಾತು ಮುಗಿದು ನಿಮ್ಮ ಸರದಿ ಬಂದರೆ ಅದೇ ದೊಡ್ಡದು.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂ ಪ್ರಕಾರ, ಕರಡು ಪ್ರಕಟವಾದ 60 ದಿನಗಳೊಳಗೆ ಯೋಜನಾ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಮೊದಲು ಪ್ರಾಧಿಕಾರದ ಕಚೇರಿಗೆ ಹೋಗಿ ದೊಡ್ಡ ನಕ್ಷೆಯನ್ನೇ ನೋಡಿ. ಮೊಬೈಲಿನಲ್ಲಿ ಹರಿದಾಡುವ ಪ್ರತಿಯನ್ನು ನಂಬಬೇಡಿ. ಹಿಗ್ಗಿಸಿದರೆ ಸರ್ವೆ ನಂಬರಿನಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯುವುದಿಲ್ಲ. ಪಹಣಿ, ಎನ್‌ಎ ಆದೇಶ (ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಆದೇಶ), ಅನುಮೋದಿತ ಬಡಾವಣೆ ನಕ್ಷೆ ಲಗತ್ತಿಸಿ. ಎನ್‌ಎ ಆದೇಶ ಕರಡಿಗಿಂತ ಹಿಂದಿನದಾಗಿದ್ದರೆ ಅದೇ ನಿಮ್ಮ ಗಟ್ಟಿ ದಾಖಲೆ. ಜಾಗ ಕೆರೆಯಂಗಳದ್ದೇ ಆಗಿದ್ದರೆ ಮಾತ್ರ ಯಾವ ಕಾಗದವೂ ಕೈಹಿಡಿಯುವುದು ಕಷ್ಟ, ಅದನ್ನು ಸರ್ವೆಯಿಂದ ಖಚಿತಪಡಿಸಿಕೊಳ್ಳಿ.

ಬಡಾವಣೆಯವರೆಲ್ಲ ಸೇರಿ ಮನವಿ ಕೊಡಲಿ, ಬೇಡವೆನ್ನುವುದಿಲ್ಲ. ನಿಮ್ಮ ಅರ್ಜಿ ಬೇರೆಯೇ ಇರಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ.